ನಾಲ್ಕು ಜನರ ಡ್ರಿಲ್

ಕಳೆದ ತಿಂಗಳು ಅಲ್ ಕುಸೈಸ್‌ನಲ್ಲಿ ಮಗಳ ಮನೆಯಿರುವ ಕಟ್ಟಡದ ಅಗ್ನಿಸುರಕ್ಷತೆಯ ತಪಾಸಣೆ ನಡೆಯಿತು. ಮೊಮ್ಮಗಳನ್ನು ಶಾಲೆಯ ಬಸ್ಸು ಹತ್ತಿಸಿ ಆರು ನಲವತ್ತಕ್ಕೆ ಹಿಂದಿರುಗುತ್ತಿದ್ದೆ. ಕಾವಲುಗಾರರಿಬ್ಬರು ಹೋಸ್ ಪೈಪಿಗೆ ನೀರು ಹಾಯಿಸಿ, ಅದನ್ನು ಹಸಿಯಾಗಿಯೇ ಸುತ್ತಿ ಪೆಟ್ಟಿಗೆಗೆ ತುರುಕುತ್ತಿದ್ದರು. ಹಾಗೆ ಸುತ್ತಿದರೆ ಆರು ತಿಂಗಳಲ್ಲಿ ಬಟ್ಟೆ ಕೊಳೆಯುತ್ತದೆ, ಮೊದಲು ಬಿಸಿಲಿಗೆ ಹಾಕಿ ಎಂದೆ. ಪಾಪ, ಹಾಕಿದರು. ಒದ್ದೆ ಕ್ಯಾನ್ವಾಸು, ಅದರೊಳಗಿನ ರಬ್ಬರು, ಕಾದ ಸಿಮೆಂಟು ಮೂರೂ ಸೇರಿದ ವಾಸನೆ ಎದ್ದಿತು. ನಾನು ಮೇಲೆ ಹೋಗಿ ಏಳು ಗಂಟೆಯ ಚಹಾ ಕುಡಿಯಬೇಕಿತ್ತು. ಏಳೂ ಇಪ್ಪತ್ತಾದರೂ ಅಲ್ಲೇ ನಿಂತಿದ್ದೆ.

ಅಬುಧಾಬಿಯ ಪಶ್ಚಿಮದ ಮದೀನತ್ ಜಾಯೆದ್‌ನಿಂದ ಇನ್ನೂ ಅರ್ಧ ಗಂಟೆ ಮರಳುಗಾಡಿನೊಳಗೆ ಹೋದರೆ ಒಂದು ದೊಡ್ಡ ಕ್ಯಾಂಪು. ಕ್ಯಾಂಪು ಎನ್ನುವುದು ಹೆಸರಿಗೆ. ಸಾವಿರಾರು ಕೆಲಸಗಾರರು ವಾಸವಿದ್ದ ಒಂದು ಪಟ್ಟಣವೇ ಅದು. ಬೇಕರಿ, ಲಾಂಡ್ರಿ, ಮಸೀದಿ, ಆಸ್ಪತ್ರೆ, ಗೋದಾಮು ಎಲ್ಲವೂ ಇದ್ದವು. ಅದಕ್ಕೊಂದು ಅಗ್ನಿಶಾಮಕ ಠಾಣೆಯೂ ಇತ್ತು. ಠಾಣೆಯನ್ನು ನಡೆಸುವ ಗುತ್ತಿಗೆ ನಮ್ಮ ಕಂಪೆನಿಯದು. ಆ ಠಾಣೆಗೆ ಹನ್ನೆರಡು ವರ್ಷ ನಾನು ಇನ್‌ಚಾರ್ಜ್ ಆಗಿದ್ದೆ. ಅದಕ್ಕೂ ಮೊದಲು ಊರಿನ ಕಡೆ ಬಂದರಿನ ಅಗ್ನಿಶಾಮಕದಲ್ಲಿದ್ದೆ. ಬೆಳಿಗ್ಗೆ ಐದೂವರೆಗೆ ಹಾಜರಿ, ಐದೂ ನಲವತ್ತಕ್ಕೆ ವಾಹನದ ಎಣ್ಣೆ, ನೀರು, ಬ್ಯಾಟರಿ ನೋಡುವುದು, ಆರೂವರೆಗೆ ಡ್ರಿಲ್, ಆಮೇಲೆ ಹೋಸ್ ತೊಳೆದು ಒಣಗಿಸುವುದು. ಇದರಲ್ಲಿ ಹಬ್ಬವಿಲ್ಲ, ಶುಕ್ರವಾರವಿಲ್ಲ. ಹುಡುಗರು ಬೆನ್ನ ಹಿಂದೆ ನಗುತ್ತಿದ್ದರು. ಹಮೀದ್ ಮಾತ್ರ ಎದುರಿಗೇ ಹೇಳುತ್ತಿದ್ದ: "ಸಾರ್‌ಗೆ ಊಟಕ್ಕೂ ಸ್ಟಾಪ್‌ವಾಚ್ ಬೇಕು. ಮೀನಿನ ಮುಳ್ಳು ತೆಗೀಲಿಕ್ಕೆ ಎಷ್ಟು ಸೆಕೆಂಡ್ ಅಂತ ಬರ್ದಿಡ್ತಾರೆ."

ಹಮೀದ್ ಉಳ್ಳಾಲದ ಬ್ಯಾರಿ. ಫೈರ್ ಎಂಜಿನ್ನಿನ ಚಾಲಕ, ಪಂಪು ನಡೆಸುವವನೂ ಅವನೇ. ನಾನು ಬರುವ ಮೊದಲೇ ಆ ಠಾಣೆಯಲ್ಲಿದ್ದ. ಹೆಂಡತಿ ಮತ್ತು ಮಗಳು ಶಿಫಾ ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ, ಒಂದು ವಿಲ್ಲಾವನ್ನು ಭಾಗ ಮಾಡಿದ ಎರಡು ಕೋಣೆಗಳಲ್ಲಿ ಇದ್ದರು. ರಜೆಯ ದಿನ ಹಮೀದ್ ಅಲ್ಲಿಗೆ ಹೋಗಿ ಬರುತ್ತಿದ್ದ, ಬರುವಾಗ ಎಲ್ಲರಿಗೂ ಪತ್ತಿರ್ ರೊಟ್ಟಿ ಕಟ್ಟಿಸಿ ತರುತ್ತಿದ್ದ. ನಾನು ಹೇಳುತ್ತಿರುವ ವರ್ಷ ಶಿಫಾ ಹನ್ನೊಂದನೆಯ ತರಗತಿ ಮುಗಿಸುತ್ತಿದ್ದಳು.

ಆ ವರ್ಷ ರಂಜಾನ್ ಮಾರ್ಚಿನಲ್ಲಿ ಬಂತು. ನಮ್ಮಲ್ಲಿ ಎರಡು ಶಿಫ್ಟು, ಶಿಫ್ಟಿಗೆ ಆರು ಜನ. ಒಬ್ಬ ಪಂಪಿನ ಬಳಿ, ಇಬ್ಬರು ಮುಂದೆ ನಾಝಲ್ ಹಿಡಿಯಲು, ಇಬ್ಬರು ಹೋಸ್ ಹೊತ್ತು ಓಡಲು, ಒಬ್ಬ ರಸ್ತೆ ಬದಿಯ ಹೈಡ್ರಂಟಿನಿಂದ ನೀರಿನ ಸಂಪರ್ಕ ಕೊಡಲು. ಹಮೀದನ ಶಿಫ್ಟಿನಲ್ಲಿ ಉಪವಾಸ ಹಿಡಿಯುವವರು ಮೂವರು, ಓಡುವ ಇಬ್ಬರು ಮತ್ತು ಹಮೀದ್. ನೀರು ಕುಡಿಯದೆ ಇರುವವರನ್ನು ಮೂವತ್ತು ಕಿಲೋದ ಹೋಸ್ ಹೊರಿಸಿ ಓಡಿಸುವುದು ನನಗೆ ಸರಿಕಾಣಲಿಲ್ಲ. ಡ್ರಿಲ್ ನಿಲ್ಲಿಸುವುದಂತೂ ನನ್ನಿಂದಾಗದ ಮಾತು. ಅದಕ್ಕೊಂದು ದಾರಿ ಮಾಡಿದೆ. ಓಡುವ ಇಬ್ಬರಿಗೆ ತಿಂಗಳಿಡೀ ವಿನಾಯಿತಿ ಕೊಟ್ಟು, ಉಳಿದ ನಾಲ್ವರಿಂದಲೇ ಇಡೀ ಡ್ರಿಲ್ ಮಾಡಿಸಿದೆ. ಹಮೀದನಿಗೂ ಕೂತಿರು ಎಂದೆ. ಅವನು ಕೇಳಲಿಲ್ಲ. ಪಂಪಿನವನದು ನಿಂತಲ್ಲೇ ಕೆಲಸ, ಅದಕ್ಕೆಂಥ ಆಯಾಸ ಎಂದ.

ಮೊದಲ ದಿನ ಸೀಟಿ ಊದಿದ ಮೇಲೆ ನೀರು ಬರಲು ಎರಡು ನಿಮಿಷ ನಲವತ್ತು ಸೆಕೆಂಡ್ ಹಿಡಿಯಿತು. ಗುತ್ತಿಗೆಯ ಪ್ರಕಾರ ಎರಡು ನಿಮಿಷದೊಳಗೆ ಬರಬೇಕು. ನನಗೆ ಹಟ ಬಂತು. ಹೋಸ್ ಮಡಿಸಿಡುವ ಕ್ರಮ ಬದಲಿಸಿದೆ. ಹೈಡ್ರಂಟ್ ತೆರೆಯುವ ಕೀಲಿಯನ್ನು ಹಮೀದನ ಸೀಟಿನ ಪಕ್ಕಕ್ಕೆ ತಂದೆ; ಪಂಪು ಶುರು ಮಾಡಿ ಅವನೇ ಇಳಿದು ಅದನ್ನೂ ತೆರೆಯುವಂತಾಯಿತು, ಹೈಡ್ರಂಟಿನವನು ಹೋಸ್ ಹೊರಲು ಸಿಕ್ಕಿದ. ಮುಂದಿನವರಲ್ಲಿ ನೇಪಾಳದ ದಿಲ್ ಬಹಾದೂರ್ ಒಂದೇ ಕೈಯಲ್ಲಿ ನಾಝಲ್, ಇನ್ನೊಂದು ಹೆಗಲಲ್ಲಿ ಹೋಸ್ ಹೊತ್ತು ಓಡಲು ಕಲಿತ. ಈದ್ ಬರುವಷ್ಟರಲ್ಲಿ ನಾಲ್ಕೇ ಜನರು ಒಂದು ನಿಮಿಷ ಐವತ್ತು ಸೆಕೆಂಡಿಗೆ ನೀರು ತಂದರು. ನನಗಾದ ಹೆಮ್ಮೆ ಹೇಳತೀರದು. ತಿಂಗಳ ವರದಿಯಲ್ಲಿ ಅದನ್ನು ದಿನವಾರು ಬರೆದೆ, ನಾಲ್ವರ ಹೆಸರೂ ಹಾಕಿದೆ, ಅಬುಧಾಬಿ ಆಫೀಸಿಗೆ ಕಳುಹಿಸಿದೆ. ವರದಿ ಬರೆಯುವುದು ನನ್ನ ಕೆಲಸ. ಯಾರೂ ಓದುವುದಿಲ್ಲ ಎಂದು ಗೊತ್ತಿದ್ದರೂ ಹನ್ನೊಂದು ವರ್ಷ ಒಂದನ್ನೂ ತಪ್ಪಿಸಿರಲಿಲ್ಲ.

ಆ ಒಂದನ್ನು ಓದಿದರು.

ಜೂನ್ ಮೊದಲ ವಾರ ಆಫೀಸಿನಿಂದ ನವೀನ್ ಬಂದ. ಪುತ್ತೂರಿನವನು, ನನ್ನ ಮಗಳ ಪ್ರಾಯ, ನಮ್ಮ ಗುತ್ತಿಗೆಗೆ ಮ್ಯಾನೇಜರ್. ಊರಿನ ಸುದ್ದಿ, ಹಲಸಿನ ಹಪ್ಪಳ ಎಂದೆಲ್ಲ ಸುತ್ತು ಬಳಸಿ ಮಾತಾಡಿದ. ಕ್ಯಾಂಪು ನಡೆಸುವವರ ಈ ಸಲದ ಬಜೆಟ್ಟಿನಲ್ಲಿ ಕೊರತೆ ಬಿದ್ದಿದೆ; ಬಸ್ಸಿನ ಟ್ರಿಪ್ ಕಡಿತ, ಲಾಂಡ್ರಿ ಎರಡರಿಂದ ಒಂದು, ತೋಟದವರಲ್ಲಿ ಅರ್ಧ ಜನ ಸಾಕು ಎಂದಾಗಿದೆ. ಅಗ್ನಿಶಾಮಕವನ್ನು ಮುಟ್ಟುವ ಧೈರ್ಯ ಮೊದಲು ಯಾರಿಗೂ ಇರಲಿಲ್ಲವಂತೆ. ಆಮೇಲೆ ಯಾರೋ ಹಳೆಯ ವರದಿಗಳನ್ನು ತಿರುವಿ ಹಾಕಿದ್ದಾರೆ. ಆಗಸ್ಟ್ ಕೊನೆಗೆ ಗುತ್ತಿಗೆ ನವೀಕರಣವಾಗುವಾಗ ಶಿಫ್ಟಿಗೆ ನಾಲ್ಕೇ ಜನ.

ಇದು ಆಗುವ ಮಾತಲ್ಲ ಎಂದೆ. ಅವನು ಫೋನ್ ತೆಗೆದು ನನ್ನ ವರದಿಯನ್ನು ತೋರಿಸಿದ.

"ಶೇಖರಣ್ಣ, ನಾನು ಅಲ್ಲಿ ಕೂತು ಎಂತ ವಾದ ಮಾಡುದು ಹೇಳಿ. ನಾಲ್ಕು ಜನಕ್ಕೆ ಆಗ್ತದೆ ಅಂತ ಬರ್ದದ್ದು ನೀವೇ ಅಲ್ವಾ. ದಿನದಿನದ ಲೆಕ್ಕ, ಕೆಳಗೆ ಸಹಿ."

"ಅದು ಡ್ರಿಲ್. ಮಾರ್ಚ್ ತಿಂಗಳ ತಂಪು. ಬೆಂಕಿ ಅಲ್ಲ."

"ಅವ್ರಿಗೆ ಡ್ರಿಲ್ಲೂ ಒಂದೇ, ಬೆಂಕಿಯೂ ಒಂದೇ, ಮಾರಾಯ್ರೆ. ಬೆಂಕಿ ಬಿದ್ದು ಎಷ್ಟು ವರ್ಷ ಆಯ್ತು ಇಲ್ಲಿ?"

ಏಳು ವರ್ಷವಾಗಿತ್ತು. ಅದೂ ಅಡುಗೆಮನೆಯ ಎಣ್ಣೆ. ಹೊರಗೆ ಹರಡುವ ಮುಂಚೆ ನಂದಿಸಿದ್ದೆವು. ಅದನ್ನೂ ನಾನೇ ವರದಿ ಮಾಡಿದ್ದೆ.

ಹೋಗುವವರ ಪಟ್ಟಿಯನ್ನು ಆಫೀಸು ವಯಸ್ಸಿನ ಪ್ರಕಾರ ಮಾಡಿತ್ತು, ಐವತ್ತು ದಾಟಿದವರು ಮೊದಲು. ನಾಲ್ಕು ಹೆಸರು. ಮೊದಲನೆಯದು ಹಮೀದ್, ಐವತ್ತೆರಡು. ಅವನ ಜಾಗಕ್ಕೆ ಕ್ಯಾಂಪಿನ ನೀರಿನ ಟ್ಯಾಂಕರ್ ಓಡಿಸುವವನಿಗೆ ಎರಡು ವಾರ ಪಂಪು ಕಲಿಸಬೇಕೆಂದು ಆದೇಶ. ನನಗೆ ಆಗ ಐವತ್ತೊಂಬತ್ತು. ನನ್ನ ಹೆಸರು ಹಾಕಿ, ಅವನನ್ನು ಉಳಿಸಿ ಎಂದೆ. ಪ್ರಮಾಣಪತ್ರವಿರುವ ಒಬ್ಬ ಇನ್‌ಚಾರ್ಜ್ ಇರಲೇಬೇಕೆಂದು ಗುತ್ತಿಗೆಯಲ್ಲಿದೆ, ನೀವು ಹೋದರೆ ಇಡೀ ಠಾಣೆ ಹೋಗುತ್ತದೆ ಎಂದ ನವೀನ್. ಅವನು ಹೇಳಿದ್ದು ಸುಳ್ಳಲ್ಲ. ಅವನಿಗೂ ಮೇಲಿನವರಿದ್ದರು. ಹೊರಡುವಾಗ ಕಾರಿನ ಬಾಗಿಲು ಹಿಡಿದು, ಮುಂದಿನ ಸಲ ತನ್ನ ಹೆಸರೂ ಇರಬಹುದು ಎಂದು ಹೇಳಿ ಹೋದ.

ಹಮೀದನಿಗೆ ನಾನೇ ಹೇಳಿದೆ. ಅದೇ ದಿನ ಸಂಜೆ, ಹೋಸ್ ಸುತ್ತುವ ಹೊತ್ತಿನಲ್ಲಿ. ಪಟ್ಟಿಯ ವಿಷಯ ಮಾತ್ರವಲ್ಲ, ಅದು ನನ್ನ ವರದಿಯಿಂದ ಆದದ್ದು ಎಂಬುದನ್ನೂ ಹೇಳಿದೆ. ಅವನು ಸುತ್ತುವುದನ್ನು ನಿಲ್ಲಿಸಲಿಲ್ಲ.

"ಆ ರಿಪೋರ್ಟ್ ನನ್ನ ಫೋನಲ್ಲಿ ಉಂಟು ಸಾರ್. ನನ್ನ ಹೆಸ್ರು ಇತ್ತಲ್ಲ, ಫೋಟೋ ತೆಗ್ದು ಮನೆಗೆ ಕಳ್ಸಿದ್ದೆ. ಶಿಫಾ ಅವಳ ಫ್ರೆಂಡ್ಸಿಗೆಲ್ಲ ತೋರ್ಸಿದ್ಳು."

ಆಮೇಲೆ ಅವನು ಕೇಳಿದ್ದು ಒಂದೇ. ಬರುವ ಮಾರ್ಚ್ ತನಕ ಹೇಗಾದರೂ ಮಾಡಲಿಕ್ಕೆ ಆಗುತ್ತದೆಯೇ? ಶಿಫಾ ಈಗ ಹನ್ನೆರಡನೆಯ ತರಗತಿಯಲ್ಲಿ ಇದ್ದಾಳೆ. ಅವನ ವೀಸಾ ರದ್ದಾದರೆ ಹೆಂಡತಿ, ಮಗಳದೂ ರದ್ದು. ಬೋರ್ಡ್ ಪರೀಕ್ಷೆ ಮುಗಿದರೆ ಸಾಕು, ಆಮೇಲೆ ಖಲಾಸ್, ತಾನೇ ಟಿಕೆಟ್ ತೆಗೆದು ಹೋಗುತ್ತೇನೆ. ಬೇಕಿದ್ದರೆ ಹೋಸ್ ತೊಳೆಯುವ ಕೆಲಸ ಕೊಟ್ಟರೂ ಆಗುತ್ತದೆ.

ನಾನು ಆಫೀಸಿಗೆ ಪತ್ರದ ಮೇಲೆ ಪತ್ರ ಬರೆದೆ. ಮಾರ್ಚಿನ ಡ್ರಿಲ್ಲನ್ನು ಆಧಾರ ಮಾಡಿಕೊಳ್ಳುವುದು ತಪ್ಪು. ಜುಲೈ ಸೆಕೆಯಲ್ಲಿ, ಪೂರ್ತಿ ಉಡುಪು ಹಾಕಿ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ ಮಾಡಿಸಿ ನೋಡಿ, ನಾಲ್ಕು ಜನರಿಂದ ಆಗುವುದಿಲ್ಲ ಎಂದು ಗೊತ್ತಾಗುತ್ತದೆ ಎಂದೆ. ಮೂರನೆಯ ಪತ್ರಕ್ಕೆ ಉತ್ತರ ಬಂತು. ಒಳ್ಳೆಯದು, ಮಾಡಿ ತೋರಿಸಿ. ಕ್ಯಾಂಪಿನವರ ಕಡೆಯಿಂದ ಇಬ್ಬರು ಬರುತ್ತಾರೆ. ಎರಡು ನಿಮಿಷ ಮೀರಿದರೆ ಆರು ಜನರನ್ನೇ ಉಳಿಸುವ ಬಗ್ಗೆ ಮರುಪರಿಶೀಲನೆ.

ನಾನಾಗಿ ಬೇಡಿ ತಂದುಕೊಂಡ ಪರೀಕ್ಷೆ ಅದು.

ಜುಲೈ ನಡುಭಾಗದ ಸೆಕೆ ಹೇಗಿರುತ್ತದೆಂದು ಅಲ್ಲಿದ್ದವರಿಗೆ ಮಾತ್ರ ಗೊತ್ತು. ಬೆಳಗಿನ ಆರಕ್ಕೇ ಕನ್ನಡಕ ಮಂಜಾಗುತ್ತದೆ. ನಲ್ಲಿಯ ತಣ್ಣೀರು ಎಂಬುದೇ ಇಲ್ಲ, ತೊಟ್ಟಿಯಲ್ಲಿ ಕಾದ ನೀರೇ ಬರುತ್ತದೆ. ಇಂಥ ಸೆಕೆಯಲ್ಲಿ ಡ್ರಿಲ್ ಎರಡು ನಿಮಿಷ ದಾಟಿಯೇ ದಾಟುತ್ತದೆ ಎಂದು ನಾನು ನಂಬಿದ್ದೆ. ಆದರೂ ಹಿಂದಿನ ದಿನ, ನಾಲ್ಕು ಗಂಟೆಯ ಚಹಾ ಮುಗಿದ ಮೇಲೆ, ಹಮೀದನನ್ನು ಎಂಜಿನ್ನಿನ ಹಿಂದಕ್ಕೆ ಕರೆದೆ. ಮೂವತ್ತನಾಲ್ಕು ವರ್ಷದ ಸೇವೆಯಲ್ಲಿ ಯಾರಿಗೂ ಹೇಳದ ಮಾತನ್ನು ಪಂಪಿನ ಮೀಟರ್ ನೋಡಿಕೊಂಡು ಹೇಳಿದೆ.

"ನಾಳೆ ನೀರು ಸ್ವಲ್ಪ ನಿಧಾನ ಬಂದರೂ ಆಗುತ್ತದೆ."

ಅವನು ನನ್ನ ಮುಖ ನೋಡಿದ. "ಎಷ್ಟು ನಿಧಾನ ಸಾರ್?"

"ಅರ್ಧ ನಿಮಿಷ."

"ನೀವೇ ಹೇಳೂದಾ ಇದನ್ನು?" ಎಂದ. ನಗಲು ನೋಡಿದ, ನಗು ಬರಲಿಲ್ಲ. ಆಯಿತು ಎಂದು ತಲೆಯಾಡಿಸಿದ.

ಮರುದಿನ ಆರೂವರೆಗೆ ಎಲ್ಲರೂ ಅಂಗಳದಲ್ಲಿ. ಬಂದ ಇಬ್ಬರೂ ಸಭ್ಯರು, ಕಾರಿನಿಂದ ಇಳಿದವರೇ ಎಲ್ಲರ ಕೈ ಕುಲುಕಿದರು. ಒಬ್ಬ ತನ್ನ ಫೋನಿನಲ್ಲೇ ಸಮಯ ನೋಡುತ್ತೇನೆ ಎಂದ. ಕೆಲಸ ಹೋಗಲಿರುವ ಉಳಿದ ಮೂವರು ಠಾಣೆಯ ಗೋಡೆಗೆ ಒರಗಿ ನಿಂತಿದ್ದರು. ಎರಡು ನಿಮಿಷ ಮೀರಿದರೆ ಕೆಲಸ ಉಳಿಯಬಹುದೆಂದು ಅವರಿಗೂ ಗೊತ್ತಿತ್ತು. ನವೀನ್ ನೆರಳಲ್ಲಿ ನಿಂತು ಟೈ ಸಡಿಲಿಸಿಕೊಳ್ಳುತ್ತಿದ್ದ. ನಾನು ಸೀಟಿ ಊದಿದೆ.

ಅವರು ಓಡಿದರು. ನಿಧಾನ ಮಾಡಬೇಕೆಂದು ನಾನು ಹೇಳಿದ್ದು ಹಮೀದನಿಗೆ ಮಾತ್ರ; ಉಳಿದವರು ತಮಗೆ ಗೊತ್ತಿದ್ದಂತೆಯೇ ಓಡಿದರು. ಹೋಸ್ ನೇರ ಬಿಚ್ಚಿಕೊಂಡಿತು, ಎಲ್ಲೂ ತಿರುಚಲಿಲ್ಲ. ದಿಲ್ ಬಹಾದೂರ್ ಗುರಿಯ ಮುಂದೆ ಮೊಣಕಾಲೂರಿ, ನಾಝಲನ್ನು ಪಕ್ಕೆಗೆ ಒತ್ತಿ, ಎಡಗೈ ಎತ್ತಿ ಕೂಗಿದ: "ಪಾನಿ!" ನನ್ನ ಕೈಯ ಗಡಿಯಾರದಲ್ಲಿ ಒಂದು ನಿಮಿಷ ನಲವತ್ತೇಳು ಸೆಕೆಂಡ್. ಇನ್ನು ಎಲ್ಲವೂ ಹಮೀದನ ಕೈಯಲ್ಲಿ. ಅವನು ನನ್ನ ಕಡೆ ನೋಡುತ್ತಾನೆ ಎಂದುಕೊಂಡೆ. ಅವನು ನೋಡಿದ್ದು ದಿಲ್ ಬಹಾದೂರನ ಎತ್ತಿದ ಕೈಯನ್ನು. ಹೋಸ್ ಉಬ್ಬಿ ಮರಳ ಮೇಲೆ ಹಾವಿನಂತೆ ಹೊರಳಿ ನೇರವಾಯಿತು, ನೀರು ಗುರಿಗೆ ಬಡಿಯಿತು. ಒಂದು ನಿಮಿಷ ಐವತ್ತಮೂರು.

ಬಂದವರಿಬ್ಬರೂ ಚಪ್ಪಾಳೆ ತಟ್ಟಿದರು. ಅವರಲ್ಲಿ ಒಬ್ಬ ನನ್ನ ಬೆನ್ನು ತಟ್ಟಿ, ಇಷ್ಟು ಒಳ್ಳೆಯ ತಂಡವನ್ನು ಬೇರೆಲ್ಲೂ ನೋಡಿಲ್ಲ ಎಂದ. ಎರಡನೇ ಸಲ ಮಾಡಿಸಿ, ಸಿಲಿಂಡರಿನಲ್ಲಿ ಗಾಳಿ ಮುಗಿದ ಮೇಲೆ ಬದಲಿಗೆ ಯಾರು ಬರುತ್ತಾರೆ ಕೇಳಿ ಎಂದು ನಾನು ಹೇಳುತ್ತಲೇ ಇದ್ದೆ. ಅವರು ಕೇಳಿಸಿಕೊಂಡರು, ಬರೆದುಕೊಂಡರು, ಕಾರು ಹತ್ತಿದರು.

ಹಮೀದ್ ಪಂಪು ನಿಲ್ಲಿಸಿ, ಕವಾಟ ಒರೆಸುತ್ತಿದ್ದ. ನಾನು ಹತ್ತಿರ ಹೋಗಿ ನಿಂತೆ. ಬೈಯಬೇಕೆಂದು ಹೋದದ್ದಲ್ಲ, ಯಾಕೆ ಹೋದೆನೆಂದು ನನಗೇ ತಿಳಿಯದು.

"ಎಣಿಸ್ಲಿಕ್ಕೆ ಶುರು ಮಾಡಿದ್ದೆ ಸಾರ್," ಎಂದ ಅವನು. "ಐದರವರೆಗೆ ಎಣಿಸಿದೆ. ಅವ ಖಾಲಿ ಪೈಪ್ ಹಿಡ್ಕೊಂಡು ಮುಂದೆ ಕೂತಿದ್ದಾನೆ. ನಾನು ಹಿಂದೆ ನಿಂತು ನೀರು ಇಟ್ಕೊಂಡು ಕೊಡುದಿಲ್ಲ. ಕೈ ಕೇಳ್ಲಿಲ್ಲ."

ಅದು ನಾನು ಕಲಿಸಿದ್ದು. ಮುಂದೆ ಇರುವವನು ಕೈ ಎತ್ತಿದ ಮೇಲೆ ಹಿಂದಿನವನು ಯೋಚಿಸಬಾರದು ಎಂದು ಹನ್ನೊಂದು ವರ್ಷ, ದಿನ ಬೆಳಗಾದರೆ, ಅದನ್ನೇ ಕಲಿಸಿದ್ದೆ. ಒಳಗೆ ಬಂದು ರಿಜಿಸ್ಟರಿನಲ್ಲಿ 1.53 ಎಂದು ಬರೆದೆ.

ಆಮೇಲೆ ಉಳಿದದ್ದು ಓಡಾಟ. ಹಮೀದನ ಜೊತೆ ಶಿಫಾಳ ಶಾಲೆಗೆ ಹೋದೆ. ಆ ಹೆಣ್ಣುಮಗಳನ್ನು ಮಾತ್ರ ಯಾರ ಮನೆಯಲ್ಲಾದರೂ ಬಿಟ್ಟು ಹೋದರೆ ಹೇಗೆ ಎಂದು ವಿಚಾರಿಸಿದೆವು. ವೀಸಾ ಇಲ್ಲದೆ ಆಗದು. ಊರಿನಲ್ಲಿ ಕೂತು ಓದಿ ಪರೀಕ್ಷೆಗೆ ಮಾತ್ರ ಬಂದರೆ? ಹಾಜರಾತಿ ಸಾಲದು. ಊರಿನ ಅದೇ ಬೋರ್ಡಿನ ಎರಡು ಶಾಲೆಗಳಿಗೆ ನಾನೇ ಫೋನ್ ಮಾಡಿದೆ. ಹನ್ನೆರಡನೆಯ ತರಗತಿಗೆ ನಡುವಿನಲ್ಲಿ ಸೇರಿಸಿಕೊಳ್ಳುವುದಿಲ್ಲ ಎಂದರು. ಎಲ್ಲರೂ ಕೂರಿಸಿ, ನೀರು ಕೊಟ್ಟು, ಮರ್ಯಾದೆಯಿಂದಲೇ ಇಲ್ಲ ಎಂದರು. ಬೇರೆ ಕಂಪೆನಿಗಳಲ್ಲಿ ಹಮೀದನಿಗೆ ಕೆಲಸ ಕೇಳಿದೆವು. ವಯಸ್ಸು ಕೇಳಿದ ಮೇಲೆ ತಿಳಿಸುತ್ತೇವೆ ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ಅವರ ಮನೆಯಲ್ಲಿ ಊಟಕ್ಕೆ ಕೂರಿಸಿದರು. ಹಮೀದನ ಹೆಂಡತಿ ನನಗೆಂದು ಕೋರಿರೊಟ್ಟಿ ಮಾಡಿದ್ದಳು. ಕೋಣೆಯ ಮೂಲೆಯಲ್ಲಿ ಶಿಫಾಳ ಮೇಜು, ಗೋಡೆಯಲ್ಲಿ ಓದಿನ ವೇಳಾಪಟ್ಟಿ: ಐದು ಗಂಟೆಗೆ ಕೆಮಿಸ್ಟ್ರಿ, ಆರೂ ಹದಿನೈದಕ್ಕೆ ಗಣಿತ, ಬಣ್ಣ ಬಣ್ಣದ ಗೆರೆ ಹಾಕಿ. ನಾನು ಅದನ್ನು ನೋಡುತ್ತಿರುವುದನ್ನು ಅವಳು ಕಂಡಳು. ಶಾಲೆಯ ಬಗ್ಗೆ ಸಮಾಧಾನದ ಮಾತು ಏನೋ ಹೇಳಿದೆ, ಒಂದು ವರ್ಷವೆಂದರೆ ದೊಡ್ಡದಲ್ಲ ಎಂದೋ ಏನೋ.

"ಇಟ್ಸ್ ಓಕೆ, ಅಂಕಲ್," ಎಂದಳು. ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ ಒಳಗೆ ಹೋದಳು.

ಸೆಪ್ಟೆಂಬರಿನಲ್ಲಿ ಶಾಲೆ ಮತ್ತೆ ತೆರೆದು ಎರಡನೆಯ ವಾರ ಅವರು ಹೊರಟರು. ಏರ್‌ಪೋರ್ಟಿಗೆ ನಾನೇ ಗಾಡಿಯಲ್ಲಿ ಬಿಟ್ಟೆ. ಸಾಮಾನು ತೂಗುವಾಗ ಭಾರ ಹೆಚ್ಚಾಯಿತು. ಶಿಫಾ ಸೂಟ್‌ಕೇಸ್ ತೆರೆದು ಪುಸ್ತಕಗಳನ್ನು ಒಂದೊಂದೇ ಹೊರಗಿಟ್ಟಳು. ಹಮೀದ್ ಬೇಡವೆಂದು ತನ್ನ ಬಟ್ಟೆ ತೆಗೆಯಲು ಹೋದ. ಅವಳು ಬಿಡಲಿಲ್ಲ, ಇವು ಅಲ್ಲಿಯ ಸಿಲೆಬಸ್ಸಿಗೆ ಬರುವುದಿಲ್ಲ ಎಂದಳು. ಆ ಪುಸ್ತಕಗಳು ಈಗಲೂ ನನ್ನ ಬಳಿ ಇವೆ.

ಅವಳಿಗೆ ಆ ವರ್ಷ ಹೋಯಿತು. ಮುಂದಿನ ಜೂನಿನಲ್ಲಿ ಊರಿನ ಕಾಲೇಜೊಂದರಲ್ಲಿ ಎರಡನೇ ಪಿಯುಸಿಗೆ ಸೇರಿದಳು. ಹಮೀದ್ ಮೊದಲು ಮರಳಿನ ಲಾರಿ, ಆಮೇಲೆ ಶಾಲಾ ವ್ಯಾನ್ ಓಡಿಸಿದ. ನಾನು ಇನ್ನೊಂದು ವರ್ಷ ಶಿಫ್ಟಿಗೆ ನಾಲ್ಕು ಜನರನ್ನು ಇಟ್ಟುಕೊಂಡು ಠಾಣೆ ನಡೆಸಿ, ಅರವತ್ತಕ್ಕೆ ನಿವೃತ್ತನಾಗಿ ಮಗಳ ಮನೆಗೆ ಬಂದೆ. ಆ ವರ್ಷವೂ ಬೆಂಕಿ ಬೀಳಲಿಲ್ಲ. ಬೀಳದಿದ್ದದ್ದಕ್ಕೆ ಸಂತೋಷಪಡಬೇಕು, ಪಟ್ಟೆ. ಆದರೆ ಅವರು ಹೇಳಿದ್ದೇ ಸರಿ ಎಂದಾಯಿತು.

ಹಮೀದ್ ಈದಿಗೆ ತಪ್ಪದೆ ಫೋನ್ ಮಾಡುತ್ತಾನೆ. ಈ ಸಲ ಈದಿಗೆ ಇನ್ನೂ ಹತ್ತು ದಿನವಿರುವಾಗಲೇ ಮಾಡಿದ. ಮಂಗಳೂರಿನ ಹತ್ತಿರ ಖಾಸಗಿಯವರ ಎಣ್ಣೆ ದಾಸ್ತಾನಿನ ಅಂಗಳವೊಂದಿದೆ, ಅಲ್ಲಿ ಫೈರ್ ಎಂಜಿನ್ನಿಗೆ ಪಂಪ್ ಆಪರೇಟರ್ ಬೇಕಾಗಿದ್ದಾರಂತೆ. ವಯಸ್ಸಿನದು ತೊಂದರೆಯಿಲ್ಲ, ಅನುಭವದ ಪತ್ರ ಬೇಕು. ಕಂಪೆನಿ ಕೊಟ್ಟ ಪತ್ರದಲ್ಲಿ ಬರೀ ತಾರೀಕುಗಳಿವೆ.

"ನೀವು ಬರ್ದ್ರೆ ಆಗ್ತದೆ ಸಾರ್. ನಾಲ್ಕು ಜನ ಸೇರಿ ಎರಡು ನಿಮಿಷದ ಒಳಗೆ ನೀರು ತಂದದ್ದು ಬರೀರಿ. ಹಳೇ ರಿಪೋರ್ಟಿನ ಫೋಟೋ ತೋರ್ಸಿದೆ, ಅಲ್ಲಿಯ ಆಫೀಸರ್‌ಗೆ ತುಂಬ ಹಿಡಿಸ್ತು. ಸಹಿ ಹಾಕಿದ ಲೆಟರ್ ಬೇಕಂತೆ."

ಅಲ್ಲಿ ಶಿಫ್ಟಿಗೆ ಎಷ್ಟು ಜನ ಎಂದು ಕೇಳಿದೆ.

"ಆರು," ಎಂದ. ಅವನ ಹಿಂದೆ ವ್ಯಾನಿನ ಹಾರ್ನ್, ಮಕ್ಕಳ ಗಲಾಟೆ ಕೇಳುತ್ತಿತ್ತು. "ಶಿಫಾಳ ನರ್ಸಿಂಗ್ ಅಡ್ಮಿಷನ್ ಉಂಟು ಸಾರ್, ಬರುವ ತಿಂಗ್ಳು," ಎಂದ.

ನಾನು ಬರೆದೆ. ಮೊದಲ ಸಲ ಸಂಖ್ಯೆಗಳಿಲ್ಲದೆ ಬರೆದು ನೋಡಿದೆ: ಪ್ರಾಮಾಣಿಕ, ಸಮಯಪಾಲಕ, ಅನುಭವಿ. ಯಾರಿಗೆ ಬೇಕಾದರೂ ಬರೆದುಕೊಡಬಹುದಾದ ಮಾತುಗಳು. ಹರಿದು ಹಾಕಿ, ನಾಲ್ಕು ಜನ, ಒಂದು ನಿಮಿಷ ಐವತ್ತಮೂರು ಸೆಕೆಂಡ್, ಜುಲೈ, ಪೂರ್ತಿ ಉಡುಪಿನಲ್ಲಿ ಎಂದು ಬರೆದು ಸಹಿ ಹಾಕಿದೆ.

ಹಮೀದನಿಗೆ ಕೆಲಸ ಸಿಕ್ಕಿತು. ಈದಿನ ದಿನ ಹೊಸ ಸಮವಸ್ತ್ರದಲ್ಲಿ ಫೋಟೋ ಕಳುಹಿಸಿದ್ದಾನೆ, ಹಿಂದೆ ಕೆಂಪು ಎಂಜಿನ್, ಪಕ್ಕದಲ್ಲಿ ಶಿಫ್ಟಿನ ಉಳಿದವರು ಸಾಲಾಗಿ. ಹಮೀದನ ಮುಖ ನೋಡಿ ಫೋನ್ ಮುಚ್ಚಿಟ್ಟೆ. ಎಷ್ಟು ಜನ ನಿಂತಿದ್ದಾರೆಂದು ಎಣಿಸಲಿಲ್ಲ.